ಗಂಟು ಬಯಲಲ್ಲಿ, ಮುಖ ಮರೆಯಲ್ಲಿ

2009ರ ಜನವರಿ 3, ಶನಿವಾರ, ನಮ್ಮ ಗಡಿಯಾರದಲ್ಲಿ ರಾತ್ರಿ 11 ಗಂಟೆ 45 ನಿಮಿಷ. ಕಬ್ಬು ನುರಿಸುವ ಹಂಗಾಮು ಅದು. ಉಗಾರ, ರಾಯಬಾಗ, ಅಥಣಿಯ ರಸ್ತೆಗಳಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಸರಿರಾತ್ರಿಯಲ್ಲೂ ಜೋರಾಗಿ ಹಾಡು ಹಾಕಿಕೊಂಡು ಹೋಗುವ ಕಾಲ. ಅದೇ ಗಳಿಗೆಯ ಮುದ್ರೆ ಒತ್ತಿಸಿಕೊಂಡು ಯಾವುದೋ ಊರಿನ ಯಾವುದೋ ಕಂಪ್ಯೂಟರಿನಲ್ಲಿ ಲೆಕ್ಕದ ಪುಟವೊಂದು ಹುಟ್ಟಿತು. ಜಮೆ ಐವತ್ತು ನಾಣ್ಯ, ಖರ್ಚು ಸೊನ್ನೆ. ಬಿಟ್‌ಕಾಯಿನ್ನಿನ ಮೊದಲ ಬ್ಲಾಕ್ ಅದೇ.

ಆ ಪುಟದಲ್ಲಿ ಯಂತ್ರದ ಯಾವ ಕೆಲಸಕ್ಕೂ ಬೇಡದ ಒಂದು ಮೂಲೆಯಿದೆ. ಬರೆದವನು ಅಲ್ಲಿ ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಯ ಹೆಸರು, ಆ ದಿನದ ತಾರೀಖು ಮತ್ತು ಮುಖಪುಟದ ಒಂದು ತಲೆಬರಹವನ್ನು ಅಂಕಿಗಳ ರೂಪದಲ್ಲಿ ಅಡಗಿಸಿಟ್ಟಿದ್ದಾನೆ. ಮುಳುಗುತ್ತಿರುವ ಬ್ಯಾಂಕುಗಳಿಗೆ ಸರ್ಕಾರದ ಬೊಕ್ಕಸದಿಂದ ಎರಡನೆಯ ಸಲ ನೆರವು ಕೊಡಲು ಬ್ರಿಟನ್ನಿನ ಹಣಕಾಸು ಮಂತ್ರಿ ಇನ್ನೇನು ಹೊರಟಿದ್ದಾರೆ ಎಂಬ ಸುದ್ದಿ. ಅಷ್ಟೇ. ಅದರ ಮೇಲೆ ಒಂದು ಟಿಪ್ಪಣಿಯಿಲ್ಲ, ಕೊಂಕಿಲ್ಲ, ಆಶ್ಚರ್ಯಸೂಚಕ ಚಿಹ್ನೆಯೂ ಇಲ್ಲ.

ಈ ಒಂದು ಸಾಲನ್ನು ನಾನು ಎಷ್ಟೋ ಸಲ ನಿಧಾನವಾಗಿ ಸವಿದಿದ್ದೇನೆ. ಮೇಲ್ನೋಟಕ್ಕೆ ಅದು ತಾರೀಖಿನ ಸಾಕ್ಷಿ. ಬರೆದವನು ಹೇಳುವುದಿಷ್ಟು: ಈ ಪುಟವನ್ನು ನಾನು ಮೊದಲೇ ಬರೆದಿಟ್ಟು, ಗುಟ್ಟಾಗಿ ನಾಣ್ಯ ಕೂಡಿಹಾಕಿಕೊಂಡು ಆಮೇಲೆ ನಿಮ್ಮನ್ನು ಕರೆದಿಲ್ಲ. ಈ ಬೆಳಗಿನ ಪತ್ರಿಕೆ ಬರುವ ಮೊದಲು ಇದನ್ನು ಬರೆಯಲು ಸಾಧ್ಯವೇ ಇರಲಿಲ್ಲ ಎಂಬ ಪ್ರಾಮಾಣಿಕತೆ. ಒಳಗೆ ಇಳಿದರೆ ಇಡೀ ಸಾಹಸಕ್ಕೆ ಕಾರಣವೇನು ಎಂಬುದೂ ಅದರಲ್ಲೇ ಇದೆ. ಹಿಂದಿನ ಸೆಪ್ಟೆಂಬರಿನಲ್ಲಿ ಅಮೆರಿಕದ ದೊಡ್ಡ ಬ್ಯಾಂಕು ಲೇಮನ್ ಬ್ರದರ್ಸ್ ದಿವಾಳಿ ಎದ್ದಿತ್ತು. ಬ್ಯಾಂಕುಗಳ ತಪ್ಪಿಗೆ ಬ್ಯಾಂಕಿನ ಬಾಗಿಲನ್ನೇ ನೋಡದವರೂ ದಂಡ ತೆರುತ್ತಿದ್ದರು. ಈ ಸಿಟ್ಟನ್ನು ಪುಟಗಟ್ಟಲೆ ಬರೆದವರು ಬೇಕಾದಷ್ಟು ಮಂದಿ. ಈತ ಮಾತ್ರ ಬೇರೊಬ್ಬರು ಬರೆದ ತಲೆಬರಹವನ್ನು ಎತ್ತಿ ತನ್ನ ಅಡಿಗಲ್ಲಿನ ಕೆಳಗಿಟ್ಟು ಸುಮ್ಮನಾದ. ಇನ್ನೂ ಒಂದು ಸೊಗಸಿದೆ. ಆ ಮೊದಲ ಐವತ್ತು ನಾಣ್ಯಗಳನ್ನು ಯಾರೂ, ಬರೆದವನೂ ಸಹ, ಎಂದಿಗೂ ಖರ್ಚು ಮಾಡಲಾಗದಂತೆ ಕೋಡ್ ಇದೆ. ಬೇಕೆಂದೇ ಹಾಗೆ ಮಾಡಿದನೋ ಕೈತಪ್ಪೋ ಎಂಬ ವಾದ ಮುಗಿದಿಲ್ಲ. ಬೇಕೆಂದೇ ಎಂದುಕೊಳ್ಳುವುದು ನನಗಿಷ್ಟ.

ಹೆಸರು ಸತೋಶಿ ನಕಮೊಟೊ. ಆತ ಎನ್ನುತ್ತೇನೆ, ಆಕೆಯೂ ಆಗಿರಬಹುದು, ನಾಲ್ಕು ಜನರ ಗುಂಪೂ ಆಗಿರಬಹುದು. 2008ರ ಅಕ್ಟೋಬರ್ 31ರಂದು ಗೂಢಲಿಪಿಶಾಸ್ತ್ರದ ಹುಚ್ಚು ಹಿಡಿದ ಒಂದು ಸಣ್ಣ ಇಮೇಲ್ ಬಳಗಕ್ಕೆ ಈ ಹೆಸರಿನಿಂದ ಒಂಬತ್ತು ಪುಟಗಳ ಒಂದು ಪ್ರಬಂಧ ಬಂತು. ನಡುವೆ ಯಾವ ಬ್ಯಾಂಕನ್ನೂ ನಂಬದೆ ಒಬ್ಬರಿಂದೊಬ್ಬರಿಗೆ ನೇರವಾಗಿ ಹಣ ಕಳಿಸುವ ವಿಧಾನವನ್ನು ಅದು ವಿವರಿಸುತ್ತಿತ್ತು. ಒಂಬತ್ತೇ ಪುಟ, ಅದರಲ್ಲೂ ಕೊನೆಯ ಪುಟದ ತುಂಬ ಆಕರಗಳು. ಇಂದು ಎಲ್ಲರ ಬಾಯಲ್ಲಿರುವ ‘ಬ್ಲಾಕ್‌ಚೈನ್’ ಎಂಬ ಒಂದೇ ಪದ ಅದರಲ್ಲಿಲ್ಲ. ಜಗತ್ತನ್ನು ಬದಲಿಸುತ್ತೇನೆ ಎಂಬ ಮಾತೂ ಇಲ್ಲ. ಒಂದು ತೊಡಕು, ಅದಕ್ಕೊಂದು ಪರಿಹಾರ, ಆ ಪರಿಹಾರವನ್ನು ಯಾರಾದರೂ ಕೆಡಿಸಲು ಹೊರಟರೆ ಗೆಲ್ಲುವ ಸಂಭವ ಎಷ್ಟು ಎಂಬ ಗಣಿತ, ಅಲ್ಲಿಗೆ ಮುಗಿಯಿತು.

ಅದರಲ್ಲಿ ಹೊಸದಾಗಿ ಕಂಡುಹಿಡಿದದ್ದು ಬಹಳ ಕಡಿಮೆ ಎಂಬುದೇ ನನಗೆ ಹಿಡಿಸಿದ ಗುಣ. ಕಸದ ಇಮೇಲ್ ತಡೆಯಲು ಆ್ಯಡಮ್ ಬ್ಯಾಕ್ 1997ರಲ್ಲಿ ಮಾಡಿದ ‘ಹ್ಯಾಶ್‌ಕ್ಯಾಶ್’ ಎಂಬ ಉಪಾಯ. ದಾಖಲೆಗಳಿಗೆ ಕಾಲದ ಮುದ್ರೆ ಒತ್ತಲು ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟಾರ್ನೆಟ್ಟಾ ಹೊಸೆದ ಸರಪಳಿ. ವೇ ದಾಯ್ 1998ರಲ್ಲಿ ಕನಸಿದ ‘ಬಿ-ಮನಿ’. ಎಲ್ಲವೂ ಹಳೆಯ ಸಾಮಾನು, ವರ್ಷಗಟ್ಟಲೆ ಕಪಾಟಿನಲ್ಲಿ ದೂಳು ತಿನ್ನುತ್ತಿದ್ದದ್ದು. ಈತ ಅವನ್ನು ತೆಗೆದು, ಒಂದಕ್ಕೊಂದು ಆತುಕೊಳ್ಳುವಂತೆ ನಿಲ್ಲಿಸಿದ. ಆಮೇಲೆ ಆಕರಗಳ ಪಟ್ಟಿಯಲ್ಲಿ ಒಬ್ಬೊಬ್ಬರ ಋಣವನ್ನೂ ಹೇಳಿ, ತನ್ನ ಬಗ್ಗೆ ಏನನ್ನೂ ಹೇಳದೆ, ಪ್ರಬಂಧದ ತುಂಬ ‘ನಾವು’ ಎಂದು ಬರೆದ.

2010ರ ಜುಲೈಯಲ್ಲಿ ಒಮ್ಮೆ ಆತ ಗೊಣಗಿದ್ದುಂಟು: ಸಾಮಾನ್ಯ ಜನರಿಗೆ ಇದನ್ನು ತಿಳಿಸಿ ಬರೆಯುವುದು ವಿಪರೀತ ಕಷ್ಟ, ಹೋಲಿಸಿ ಹೇಳೋಣವೆಂದರೆ ಇದರಂಥದ್ದು ಇನ್ನೊಂದಿಲ್ಲ ಎಂದು. ನಿಪ್ಪಾಣಿಗೆ ಬಂದಿದ್ದರೆ ಆ ಕಷ್ಟ ತಪ್ಪುತ್ತಿತ್ತು. ತಂಬಾಕಿನ ವಖಾರಿಯಲ್ಲಿ ಗಾದಿಯ ಮುಂದಿನ ಕೆಂಪು ಬಟ್ಟೆಯ ಕಿರ್ದಿ ಪುಸ್ತಕವನ್ನು ನೆನೆಸಿಕೊಳ್ಳಿ. ಹಿಂದಿನ ಪುಟದ ಮೊತ್ತ ಮುಂದಿನ ಪುಟದ ತಲೆಗೆ ಬರುತ್ತದೆ. ನಡುವಿನ ಒಂದು ಪುಟದ ಅಂಕಿ ತಿದ್ದಿದರೆ ಅಲ್ಲಿಂದಾಚೆಗಿನ ಎಲ್ಲ ಪುಟಗಳನ್ನೂ ತಿದ್ದಬೇಕು. ಈಗ ಆ ಕಿರ್ದಿ ಒಬ್ಬ ಸಾವುಕಾರನ ಪೆಟ್ಟಿಗೆಯಲ್ಲಿಲ್ಲ, ಪೇಟೆಯ ಎಲ್ಲ ಅಂಗಡಿಗಳಲ್ಲೂ ಒಂದೊಂದು ಪ್ರತಿ ಇದೆ ಎಂದುಕೊಳ್ಳಿ. ಹೊಸ ಪುಟ ಬರೆಯುವ ಹಕ್ಕು ಯಾರಿಗೂ ಹುಟ್ಟಿನಿಂದ ಬಂದದ್ದಲ್ಲ; ಪ್ರತಿ ಪುಟಕ್ಕೂ ಒಂದು ಒಡ್ಡು ಲೆಕ್ಕ ಬಿಡಿಸಬೇಕು. ಬಿಡಿಸಲು ಹೈರಾಣಾಗಬೇಕು, ಉತ್ತರ ಸರಿಯೇ ಎಂದು ನೋಡಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ಮೊದಲು ಬಿಡಿಸಿದವನು ಪುಟ ಬರೆದು, ಕೂಲಿಯಾಗಿ ಹೊಸ ನಾಣ್ಯ ಪಡೆಯುತ್ತಾನೆ. ಹಳೆಯ ಪುಟ ತಿದ್ದಲು ಹೊರಟವನು ಆ ಪುಟದಿಂದ ಇಂದಿನವರೆಗಿನ ಎಲ್ಲ ಒಡ್ಡು ಲೆಕ್ಕಗಳನ್ನೂ ಮತ್ತೆ ಬಿಡಿಸಿ, ಇಡೀ ಪೇಟೆಯನ್ನು ಓಟದಲ್ಲಿ ಹಿಂದೆ ಹಾಕಬೇಕು. ಮೋಸಕ್ಕೆ ಬೇಕಾದ ಶ್ರಮ ಪ್ರಾಮಾಣಿಕತೆಯ ಶ್ರಮಕ್ಕಿಂತ ದುಬಾರಿ. ಸರಾಸರಿ ಹತ್ತು ನಿಮಿಷಕ್ಕೊಂದು ಪುಟ. ಲೆಕ್ಕ ಬಿಡಿಸುವವರು ಹೆಚ್ಚಿ ಪುಟಗಳು ಬೇಗ ಬೇಗ ಬರತೊಡಗಿದರೆ, 2016 ಪುಟಗಳಿಗೊಮ್ಮೆ ಲೆಕ್ಕವೇ ತಾನಾಗಿ ಬಿಗಿಯಾಗುತ್ತದೆ. ಈ ಕೊನೆಯ ಏರ್ಪಾಡಿನ ಮುಂದೆ ನಾನು ಇವತ್ತಿಗೂ ಬೆರಗಾಗುತ್ತೇನೆ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆ ಬಿಗಿಯುವ ಲೆಕ್ಕ ಇಂದು ಒಂದು ಮಧ್ಯಮ ಗಾತ್ರದ ದೇಶ ಬಳಸುವಷ್ಟು ವಿದ್ಯುತ್ತನ್ನು ನುಂಗುತ್ತಿದೆ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಯಾವಾಗ ಬಂದೀತೆಂದು ರಾತ್ರಿಯೆಲ್ಲ ಎಚ್ಚರವಿರುವ ನಮ್ಮ ಕಡೆಯ ರೈತರಿಗೆ ಈ ಸೊಗಸನ್ನು ವಿವರಿಸಲು ನನಗೆ ಧೈರ್ಯ ಸಾಲದು.

ಆ ಒಂಬತ್ತು ಪುಟಗಳಿಗೆ ಬಂದ ಮೊದಲ ಉತ್ತರವೇ ತಣ್ಣೀರು. ಜೇಮ್ಸ್ ಡೊನಾಲ್ಡ್ ಎಂಬವರು, ಇಂಥದ್ದು ನಮಗೆ ಬೇಕೇ ಬೇಕು, ಆದರೆ ನೀವು ಹೇಳುವ ರೀತಿ ಬೇಕಾದ ಗಾತ್ರಕ್ಕೆ ಬೆಳೆಯುವಂತೆ ಕಾಣುವುದಿಲ್ಲ ಎಂದರು. ಕೈಹಿಡಿದವರು ಹ್ಯಾಲ್ ಫಿನ್ನಿ. ಖಾಸಗಿ ಪತ್ರಗಳನ್ನು ಗೂಢಲಿಪಿಯಲ್ಲಿ ಕಳಿಸುವ ಪಿಜಿಪಿ ಸಾಫ್ಟ್‌ವೇರನ್ನು ಕಟ್ಟಿದವರಲ್ಲಿ ಒಬ್ಬರು, 2004ರಲ್ಲೇ ಇಂಥ ಒಂದು ಹಣದ ಪ್ರಯೋಗ ಮಾಡಿ ನೋಡಿದ್ದವರು. 2009ರ ಜನವರಿ 9ರಂದು ಸಾಫ್ಟ್‌ವೇರ್ ಬಿಡುಗಡೆಯಾಗುತ್ತಿದ್ದಂತೆ ತಮ್ಮ ಯಂತ್ರದಲ್ಲಿ ಹಾಕಿಕೊಂಡರು. ಬಿಟ್‌ಕಾಯಿನ್ ಓಡಿಸುತ್ತಿದ್ದೇನೆ ಎಂದು ಎರಡೇ ಪದಗಳಲ್ಲಿ ಟ್ವೀಟ್ ಮಾಡಿದರು. ಜನವರಿ 12ರಂದು, 170ನೆಯ ಪುಟದಲ್ಲಿ, ಸತೋಶಿ ಅವರಿಗೆ ಹತ್ತು ನಾಣ್ಯ ಕಳಿಸಿದ. ಒಬ್ಬರಿಂದ ಇನ್ನೊಬ್ಬರಿಗೆ ಬಿಟ್‌ಕಾಯಿನ್ ಸಂದದ್ದು ಅದೇ ಮೊದಲು.

ಫಿನ್ನಿ ಕೆಲವು ದಿನ ನಾಣ್ಯ ಗಳಿಸಿ ಆಮೇಲೆ ನಿಲ್ಲಿಸಿಬಿಟ್ಟರು. ಕಾರಣ ಕೇಳಿದರೆ ನಗು ಬರುತ್ತದೆ: ಕಂಪ್ಯೂಟರ್ ಬಿಸಿಯಾಗುತ್ತಿತ್ತಂತೆ, ಫ್ಯಾನಿನ ಸದ್ದು ಕಿವಿಗೆ ಕಿರಿಕಿರಿಯಾಗುತ್ತಿತ್ತಂತೆ. ಇದೇ ಮನುಷ್ಯ, ಇದು ಇಡೀ ಲೋಕದ ಹಣವಾದರೆ ಒಂದೊಂದು ನಾಣ್ಯಕ್ಕೆ ಒಂದು ಕೋಟಿ ಡಾಲರ್ ಬೆಲೆ ಬಂದೀತೆಂದು ಅದೇ ಜನವರಿಯಲ್ಲಿ ಲೆಕ್ಕ ಹಾಕಿ ಬರೆದಿದ್ದರು. ಲೆಕ್ಕ ತಲೆಯಲ್ಲಿ, ಕಿವಿಯಲ್ಲಿ ಫ್ಯಾನಿನ ಸದ್ದು, ಕಿವಿ ಗೆದ್ದಿತು. ಅದೇ ವರ್ಷ ಅವರಿಗೆ ಎಎಲ್‌ಎಸ್ ಎಂಬ ನರರೋಗ ಇರುವುದು ಗೊತ್ತಾಯಿತು. ಮೈಯೆಲ್ಲ ಸೋತ ಮೇಲೂ ಕಣ್ಣಿನ ಚಲನೆಯಿಂದ ಅಕ್ಷರ ಆಯ್ದು ಕೋಡ್ ಬರೆಯುತ್ತಿದ್ದರು. 2014ರ ಆಗಸ್ಟ್ 28ರಂದು ತೀರಿಕೊಂಡರು. ಬಿಟ್‌ಕಾಯಿನ್ನಿನ ಚರಿತ್ರೆಯಲ್ಲಿ ನನಗೆ ತೀರ ಆಪ್ತರಾದವರು ಇವರು. ಅವರು ಬರೆದದ್ದರಲ್ಲಿ ಸಂಭ್ರಮವಿದೆ, ಆಸೆಬುರುಕುತನವಿಲ್ಲ.

ಆ ದಿನಗಳ ಬೆಲೆಗಳನ್ನು ಕೇಳಿದರೆ ಈಗಿನವರು ಎದೆ ಹಿಡಿದುಕೊಳ್ಳುತ್ತಾರೆ. ಫಿನ್‌ಲ್ಯಾಂಡಿನ ವಿದ್ಯಾರ್ಥಿ ಮಾರ್ಟ್ಟಿ ಮಾಲ್ಮಿ 2009ರ ಅಕ್ಟೋಬರಿನಲ್ಲಿ 5,050 ನಾಣ್ಯ ಮಾರಿದ. ಕೈಗೆ ಬಂದದ್ದು 5 ಡಾಲರ್ 2 ಸೆಂಟ್. ಅದೇ ತಿಂಗಳು ಮೊದಲ ಸಲ ಯಾರೋ ಧಾರಣೆ ಕಟ್ಟಿದರು: ಒಂದು ಡಾಲರಿಗೆ 1,309 ನಾಣ್ಯ. ಎಲ್ಲಿಂದ ಬಂತು ಆ ಅಂಕಿ? ನಾಣ್ಯ ಗಳಿಸಲು ಕಂಪ್ಯೂಟರ್ ಎಷ್ಟು ಕರೆಂಟು ತಿಂದಿತು ಎಂಬ ಬಿಲ್ಲಿನಿಂದ.

ಇನ್ನು ಪಿಜ್ಜಾ. ಈ ಕತೆಯನ್ನು ಎಲ್ಲರೂ ಹೇಳುತ್ತಾರೆ, ಹೆಚ್ಚಿನವರು ತಪ್ಪು ರಾಗದಲ್ಲಿ ಹೇಳುತ್ತಾರೆ. ಫ್ಲಾರಿಡಾದ ಪ್ರೋಗ್ರಾಮರ್ ಲಾಸ್ಲೊ ಹಾನ್ಯೆಟ್ಸ್ 2010ರ ಮೇ 18ರಂದು, ಯಾರಾದರೂ ನನಗೆ ಎರಡು ದೊಡ್ಡ ಪಿಜ್ಜಾ ತಂದುಕೊಟ್ಟರೆ ಹತ್ತು ಸಾವಿರ ಬಿಟ್‌ಕಾಯಿನ್ ಕೊಡುತ್ತೇನೆ ಎಂದು ಬರೆದ. ನೀವೇ ಮಾಡಿ ತಂದರೂ ಸರಿ, ಅಂಗಡಿಯಿಂದ ತರಿಸಿದರೂ ಸರಿ ಎಂದ. ತನಗೆ ಈರುಳ್ಳಿ, ಮೆಣಸು, ಅಣಬೆ, ಟೊಮೆಟೊ ಇಷ್ಟ ಎಂದು ಹೇಳಿ, ವಿಚಿತ್ರವಾದ ಮೀನುಗೀನು ಮಾತ್ರ ಬೇಡ ಎಂದು ಷರತ್ತು ಹಾಕಿದ. ನಾಲ್ಕು ದಿನ ಯಾರೂ ಬರಲಿಲ್ಲ. ನಾನು ಕೊಡುತ್ತಿರುವುದು ಕಡಿಮೆಯಾಯಿತೇ ಎಂದು ಆತನೇ ಸಂಕೋಚದಿಂದ ಮತ್ತೆ ಕೇಳಿದ! ಮೇ 22ರಂದು ಜೆರೆಮಿ ಸ್ಟರ್ಡಿವಂಟ್ ಎಂಬ ಹತ್ತೊಂಬತ್ತರ ಹುಡುಗ ಪಾಪಾ ಜಾನ್ಸ್‌ನಿಂದ ಎರಡು ಪಿಜ್ಜಾ ಕಳಿಸಿಕೊಟ್ಟ. ಆಗಿನ ಧಾರಣೆಯಲ್ಲಿ ಹತ್ತು ಸಾವಿರ ನಾಣ್ಯಕ್ಕೆ ಸುಮಾರು 41 ಡಾಲರ್.

ಇದನ್ನು ನಷ್ಟದ ಕತೆಯಾಗಿ ಹೇಳುವವರಿಗೆ ರುಚಿ ತಿಳಿಯದು. ಅಲ್ಲಿಯವರೆಗೆ ಆ ನಾಣ್ಯ ಒಂದು ಲೆಕ್ಕದ ಆಟ, ಹವ್ಯಾಸಿಗಳ ಗೀಳು. ಒಬ್ಬ ಹಸಿದ ಮನುಷ್ಯನಿಗೆ ಅದು ಬಿಸಿಬಿಸಿ ಊಟವಾಗಿ ಒದಗಿದ ಮೇಲೆಯೇ ಅದು ಹಣವಾದದ್ದು. ಲಾಸ್ಲೊ ತನಗೆ ಪಶ್ಚಾತ್ತಾಪವಿಲ್ಲ ಎಂದು ಮುಂದೆ ಎಷ್ಟೋ ಸಲ ಹೇಳಿದ್ದಾನೆ, ನಾನು ನಂಬುತ್ತೇನೆ. ಆತನೇ ಗ್ರಾಫಿಕ್ಸ್ ಕಾರ್ಡಿನಿಂದ ವೇಗವಾಗಿ ನಾಣ್ಯ ಗಳಿಸುವ ದಾರಿ ತೋರಿಸಿದವನು. ಸತೋಶಿ ಅವನಿಗೆ ಬರೆದ ಪತ್ರದಲ್ಲಿ ಸ್ವಲ್ಪ ನಿಧಾನಿಸು ಎಂಬ ವಿನಂತಿಯಿದೆ: ಮಾಮೂಲಿ ಕಂಪ್ಯೂಟರ್ ಇದ್ದವರೂ ಸೇರಿಕೊಳ್ಳಬಹುದು ಎಂಬುದೇ ಈಗಿನ ಆಕರ್ಷಣೆ, ಅದನ್ನು ಇಷ್ಟು ಬೇಗ ಕಳೆಯುವುದು ಬೇಡ ಎಂದು. ಅಮೆರಿಕದ ಆ್ಯಮ್‌ಹರ್ಸ್ಟ್‌ನ ಗೇವಿನ್ ಆಂಡ್ರಿಸನ್ ಅದೇ ಬೇಸಗೆಯಲ್ಲಿ 50 ಡಾಲರಿಗೆ 10,000 ನಾಣ್ಯ ಕೊಂಡು, ಬಂದವರಿಗೆಲ್ಲ ತಲಾ ಐದರಂತೆ ಪುಕ್ಕಟೆ ಹಂಚಿದ. ಹೊಸ ಸಸಿಯ ಬೀಜವನ್ನು ಊರಿಗೆಲ್ಲ ಹಂಚುವ ಖುಷಿ ಆ ವರ್ಷದ್ದು.

ನಮ್ಮ ರಾಜ್ಯಕ್ಕೆ ಈ ಸುದ್ದಿ ಬರುವ ಹೊತ್ತಿಗೆ ಆ ಖುಷಿ ಬೆಲೆಯ ಜ್ವರವಾಗಿತ್ತು. 2013ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಸಮ್ಮೇಳನ, 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕಿನ ನಿರ್ಬಂಧ, ಅದನ್ನು ರದ್ದು ಮಾಡಿದ ಸುಪ್ರೀಂ ಕೋರ್ಟಿನ 2020ರ ಮಾರ್ಚ್ 4ರ ತೀರ್ಪು, 2022ರಿಂದ ಶೇ. 30ರ ತೆರಿಗೆ. ನಡುವೆ ಪುಣೆ ಪೊಲೀಸರು ಹಿಡಿದ ಗೇನ್‌ಬಿಟ್‌ಕಾಯಿನ್‌ನಂಥ ದುಪ್ಪಟ್ಟು ಆಮಿಷದ ಜಾಲಗಳು. ರಸಿಕನಿಗೆ ಅಲ್ಲಿ ಕೆಲಸವಿಲ್ಲ, ಮತ್ತೆ 2010ಕ್ಕೇ ಹೋಗೋಣ.

2010ರ ಆಗಸ್ಟ್ 15. ನಮಗೆ ಧ್ವಜಾರೋಹಣದ ದಿನ. ಬಿಟ್‌ಕಾಯಿನ್ನಿಗೆ ಸಾವಿನ ದವಡೆ. 74,638ನೆಯ ಪುಟದಲ್ಲಿ ಯಾರೋ ಕೋಡಿನ ಒಂದು ಸಂದು ಹುಡುಕಿ, ಗಾಳಿಯಿಂದ 18,400 ಕೋಟಿ ನಾಣ್ಯ ಸೃಷ್ಟಿಸಿಬಿಟ್ಟರು. ಇಡೀ ವ್ಯವಸ್ಥೆಯಲ್ಲಿ ಎಂದೆಂದಿಗೂ ಹುಟ್ಟಬೇಕಾದದ್ದು 2 ಕೋಟಿ 10 ಲಕ್ಷ ಮಾತ್ರ. ಜೆಫ್ ಗಾರ್ಜಿಕ್ ಎಂಬ ಪ್ರೋಗ್ರಾಮರ್ ಈ ಪುಟ ವಿಚಿತ್ರವಾಗಿದೆ ಎಂದು ಕೈತೋರಿಸಿದ. ಸತೋಶಿ, ಗೇವಿನ್ ಮೊದಲಾದವರು ಕೂತು ಕೆಲವೇ ಗಂಟೆಗಳಲ್ಲಿ ತಿದ್ದಿದ ಕೋಡ್ ಹೊರಡಿಸಿದರು. ನಾಣ್ಯ ಗಳಿಸುವವರು ಕೆಟ್ಟ ಪುಟವನ್ನು ಕೈಬಿಟ್ಟು ಅದರ ಹಿಂದಿನ ಪುಟದಿಂದ ಹೊಸದಾಗಿ ಬರೆಯುತ್ತ ಹೋದರು. ಸರಿಯಾದ ಸರಪಳಿ ಕೆಟ್ಟದ್ದನ್ನು ಹಿಂದೆ ಹಾಕಿತು. ಆ ರಾತ್ರಿಯ ಸತೋಶಿಯ ಬರಹಗಳಲ್ಲಿ ಒಂದು ಗಾಬರಿಯ ಪದವಿಲ್ಲ. ಯಾವ ಫೈಲು, ಯಾವ ಸಾಲು, ಏನು ಬದಲು ಎಂಬ ಸೂಚನೆಗಳು, ಅಷ್ಟೇ. ಆತನ ಗದ್ಯದ ಗುಣವೇ ಅದು. ಒಮ್ಮೆ ವಾದ ಹೂಡಿದವನೊಬ್ಬನಿಗೆ, ನೀನು ನಂಬದಿದ್ದರೆ ನಿನ್ನನ್ನು ಒಪ್ಪಿಸುತ್ತ ಕೂರಲು ನನಗೆ ಸಮಯವಿಲ್ಲ, ಕ್ಷಮಿಸು ಎಂದು ಬರೆದು ಮುಗಿಸಿದ್ದ. ಒರಟಲ್ಲ, ಕೆಲಸವಿರುವವನ ಮಾತು.

ಆ 2 ಕೋಟಿ 10 ಲಕ್ಷದ ಗಡಿ ನನ್ನನ್ನು ಇನ್ನೊಂದು ದಾರಿಯಲ್ಲಿ ನಿಪ್ಪಾಣಿಗೇ ಕರೆತರುತ್ತದೆ. 1925ರ ಏಪ್ರಿಲ್‌ನಲ್ಲಿ ನಿಪ್ಪಾಣಿಯಲ್ಲಿ ಮುಂಬಯಿ ಪ್ರಾಂತದ ಬಹಿಷ್ಕೃತ ಸಮುದಾಯಗಳ ಪರಿಷತ್ತು ನಡೆಯಿತು. ಅಧ್ಯಕ್ಷತೆ ವಹಿಸಲು ಬಂದ ತರುಣ ಡಾ. ಭೀಮರಾವ್ ಅಂಬೇಡ್ಕರ್. ಅವರು ಅದಾಗಲೇ ಹಣದ ಮೇಲೆ ಒಂದು ದೊಡ್ಡ ಗ್ರಂಥ ಬರೆದಿದ್ದ ಅರ್ಥಶಾಸ್ತ್ರಜ್ಞ. ರೂಪಾಯಿಯ ಸಮಸ್ಯೆ ಕುರಿತ ಆ ಪುಸ್ತಕ 1923ರಲ್ಲಿ ಲಂಡನ್ನಿನಲ್ಲಿ ಅಚ್ಚಾಗಿತ್ತು. ನಿಪ್ಪಾಣಿಗೆ ಬಂದ ವರ್ಷವೇ ಡಿಸೆಂಬರಿನಲ್ಲಿ ಅವರು ಭಾರತದ ಹಣದ ವ್ಯವಸ್ಥೆಯನ್ನು ಪರಿಶೀಲಿಸುತ್ತಿದ್ದ ಹಿಲ್ಟನ್ ಯಂಗ್ ಆಯೋಗದ ಮುಂದೆ ಸಾಕ್ಷ್ಯ ಹೇಳಿದರು. ಅವರ ಸಲಹೆಯ ತಿರುಳು: ರೂಪಾಯಿ ಟಂಕಿಸುವುದನ್ನು ನಿಲ್ಲಿಸಿ. ಟಂಕಸಾಲೆಯ ಬಾಗಿಲು ಜನರಿಗೆ ಹೇಗೆ ಮುಚ್ಚಿದೆಯೋ ಹಾಗೆ ಸರ್ಕಾರಕ್ಕೂ ಮುಚ್ಚಲಿ. ಹಣ ಹುಟ್ಟಿಸುವ ಕೈಗೆ ಹಗ್ಗ ಕಟ್ಟದೆ ಹೋದರೆ ಬೆಲೆಯೇರಿಕೆ ಬಡವನನ್ನು ಮೊದಲು ತಿನ್ನುತ್ತದೆ ಎಂಬುದು ಅವರ ಆತಂಕ.

ಸತೋಶಿ ಆ ಪುಸ್ತಕ ಓದಿದ್ದನೆಂದು ನಾನು ಹೇಳುತ್ತಿಲ್ಲ. ಎರಡು ಮನಸ್ಸುಗಳು ಒಂದೇ ಮುಳ್ಳನ್ನು ಮುಟ್ಟಿ ನೋಡಿದ್ದನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದರಲ್ಲಿ ಒಂದು ಸುಖವಿದೆ, ಅಷ್ಟೇ. ಅಂಬೇಡ್ಕರ್ ಹಗ್ಗವನ್ನು ಕಾನೂನಿನಲ್ಲಿ ಹುಡುಕಿದರು, ಈತ ಗಣಿತದಲ್ಲಿ. ಪುಟ ಬರೆದವನ ಕೂಲಿ ಮೊದಲು 50 ನಾಣ್ಯ. 2,10,000 ಪುಟಗಳಿಗೊಮ್ಮೆ ಅರ್ಧ. 2012ರ ನವೆಂಬರಿನಲ್ಲಿ 25 ಆಯಿತು, 2016ರಲ್ಲಿ 12.5, 2020ರಲ್ಲಿ 6.25, 2024ರ ಏಪ್ರಿಲ್‌ನಲ್ಲಿ 3.125. 2140ರ ಸುಮಾರಿಗೆ ಹೊಸ ನಾಣ್ಯ ಹುಟ್ಟುವುದು ನಿಂತುಹೋಗುತ್ತದೆ. ಯಾವ ಮಂತ್ರಿಯೂ, ಯಾವ ಗವರ್ನರೂ ಅದನ್ನು ಮುಂದೂಡಲಾರರು. ನೋಡಲು ಚೆಂದ. ಆದರೆ ನನ್ನ ಮತ ಅಂಬೇಡ್ಕರರ ಕಡೆಗೇ. ಕಾನೂನನ್ನು ಜನ ಬದಲಿಸಬಹುದು. ಬರ ಬಿದ್ದ ವರ್ಷ, ಕೃಷ್ಣೆ ಉಕ್ಕಿ ಊರು ಮುಳುಗಿದ ವರ್ಷ, ಗಣಿತದ ಮುಂದೆ ಅರ್ಜಿ ಹಿಡಿದು ನಿಲ್ಲಲಾಗದು.

ಸತೋಶಿ ಯಾರು ಎಂದು ಹುಡುಕುವ ಚಪಲಕ್ಕೆ ಹದಿನೈದು ವರ್ಷ ದಾಟಿದೆ. ತಾನು ಜಪಾನಿನವನು, 1975ರ ಏಪ್ರಿಲ್ 5 ಹುಟ್ಟಿದ ದಿನ ಎಂದು ಆತ ನಮೂದಿಸಿದ್ದ. ಜಪಾನೀ ಭಾಷೆಯಲ್ಲಿ ಒಂದಕ್ಷರ ಬರೆಯಲಿಲ್ಲ. ಇಂಗ್ಲಿಷಿನ ಕಾಗುಣಿತ ಹೆಚ್ಚಾಗಿ ಬ್ರಿಟಿಷರದ್ದು. ಪೂರ್ಣವಿರಾಮದ ನಂತರ ಎರಡು ಜಾಗ ಬಿಡುವ ಹಳೆಯ ಟೈಪಿಂಗ್ ಅಭ್ಯಾಸ. ಗ್ರೀನಿಚ್ ಕಾಲಮಾನದ ಬೆಳಗಿನ 5ರಿಂದ 11ರವರೆಗೆ ಬಹುಮಟ್ಟಿಗೆ ಮೌನ. ಅಂದರೆ ಜಪಾನಿನಲ್ಲಿ ಮಧ್ಯಾಹ್ನ 2ರಿಂದ ರಾತ್ರಿ 8. ಇಷ್ಟರಿಂದ ಎಷ್ಟೆಷ್ಟೋ ಜನರ ಮೇಲೆ ಅನುಮಾನ ಹೊರಿಸಿ, ಮನೆ ಬಾಗಿಲಲ್ಲಿ ಕ್ಯಾಮೆರಾ ನಿಲ್ಲಿಸಿದ್ದಾರೆ. ಇದು ನನಗೆ ಹೇಸಿಗೆಯೆನಿಸುತ್ತದೆ. ನಾನೇ ಸತೋಶಿ ಎಂದು ಎದೆ ತಟ್ಟಿಕೊಂಡ ಕ್ರೇಗ್ ರೈಟ್ ಎಂಬಾತನ ವಿಷಯ ಮಾತ್ರ ರಂಜಕ. ನಿಜವಾದ ಸತೋಶಿಯಾಗಿದ್ದರೆ ಮೊದಲ ಪುಟಗಳ ನಾಣ್ಯ ಯಾರದೆಂದು ತೋರಿಸುವ ಗುಪ್ತ ಕೀಲಿಯಿಂದ ಒಂದು ಸಹಿ ಹಾಕಿ ಒಂದೇ ನಿಮಿಷದಲ್ಲಿ ಬಾಯಿ ಮುಚ್ಚಿಸಬಹುದಿತ್ತು. ಆತ ತಂದದ್ದು ಕಾಗದಪತ್ರಗಳ ಕಂತೆ. 2024ರ ಮಾರ್ಚ್ 14ರಂದು ಲಂಡನ್ನಿನ ಹೈಕೋರ್ಟಿನ ನ್ಯಾಯಮೂರ್ತಿ ಮೆಲ್ಲರ್, ಈತ ಸತೋಶಿಯಲ್ಲ ಎಂದು ಸಾರಿದರು; ದಾಖಲೆಗಳು ದೊಡ್ಡ ಪ್ರಮಾಣದ ಫೋರ್ಜರಿ ಎಂದು ಆಮೇಲೆ ವಿವರವಾಗಿ ಬರೆದರು.

ವಚನಗಳನ್ನು ಓದಿ ಬೆಳೆದವರಿಗೆ ಈ ಪರಿಸ್ಥಿತಿ ಅಪರಿಚಿತವಲ್ಲ. ಹೆಸರು ಅಳಿಸಿಹೋಗಿ ಅಂಕಿತವೊಂದೇ ಉಳಿದ ಶರಣರು ನಮ್ಮಲ್ಲಿದ್ದಾರೆ. ಅವರು ಯಾವ ಊರಿನವರು, ಏನು ಕಾಯಕದವರು ಎಂದು ತಿಳಿಯದೆಯೂ ವಚನ ಎದೆಗೆ ನಾಟುತ್ತದೆ. ಬೇರೆಯವರ ಅಂಕಿತ ಹಚ್ಚಿ ಬರೆದ ಕಳ್ಳ ವಚನಗಳೂ ಬೇಕಾದಷ್ಟಿವೆ, ಅವನ್ನು ಸೋಸುವುದರಲ್ಲೇ ಪಂಡಿತರ ಆಯುಷ್ಯ ಕಳೆದಿದೆ. ಸತೋಶಿಯ ಅಂಕಿತವನ್ನು ಮಾತ್ರ ಕದಿಯಲು ಬರುವುದಿಲ್ಲ.

ಆತ ಹೋದ ರೀತಿಗೆ ಬರೋಣ. 2010ರ ಡಿಸೆಂಬರಿನಲ್ಲಿ, ಸರ್ಕಾರಗಳ ಗುಟ್ಟು ಬಯಲು ಮಾಡುತ್ತಿದ್ದ ವಿಕಿಲೀಕ್ಸ್‌ಗೆ ಹಣ ಹರಿಯುವ ಮಾರ್ಗಗಳನ್ನು ಬ್ಯಾಂಕುಗಳು, ಕಾರ್ಡ್ ಕಂಪನಿಗಳು ಮುಚ್ಚಿದವು. ಅಲ್ಲಿಗೆ ಬಿಟ್‌ಕಾಯಿನ್ ಒಯ್ಯೋಣ ಎಂದು ಬಳಗದ ಕೆಲವರು ಕುಣಿದರು. ಬೇಡ, ಇದಿನ್ನೂ ಎಳೆಯದು, ಈ ಬಿಸಿ ತಾಳಲಾರದು ಎಂದು ಸತೋಶಿ ಬೇಡಿಕೊಂಡ. ಆದರೂ ಸುದ್ದಿಯಾಯಿತು, ಕಣಜದ ಹುಳದ ಗೂಡಿಗೆ ಕಲ್ಲು ಬಿದ್ದಿದೆ, ಹಿಂಡು ನಮ್ಮತ್ತ ಬರುತ್ತಿದೆ ಎಂಬರ್ಥದಲ್ಲಿ ಬರೆದ. ಮರುದಿನ, ಡಿಸೆಂಬರ್ 12ರಂದು, ಸಾಫ್ಟ್‌ವೇರಿನ ಹೊಸ ಆವೃತ್ತಿಯ ಬಗ್ಗೆ, ದಾಳಿಗಳನ್ನು ತಡೆಯುವ ಇನ್ನಷ್ಟು ಕೆಲಸ ಬಾಕಿಯಿರುವ ಬಗ್ಗೆ ಒಂದು ಒಣ ಟಿಪ್ಪಣಿ ಹಾಕಿದ. ಬಹಿರಂಗವಾಗಿ ಬರೆದದ್ದು ಅದೇ ಕೊನೆ. ವಿದಾಯದ ಮಾತಿಲ್ಲ, ಬೆನ್ನು ತಟ್ಟಿಕೊಳ್ಳುವ ಸಾಲಿಲ್ಲ; ಬಾಕಿ ಕೆಲಸದ ಪಟ್ಟಿ. 2011ರ ಏಪ್ರಿಲ್‌ನಲ್ಲಿ ಇಬ್ಬರು ಜೊತೆಗಾರರಿಗೆ ಖಾಸಗಿ ಪತ್ರ ಬಂತು. ತಾನು ಬೇರೆ ಕೆಲಸಗಳ ಕಡೆ ಹೊರಳಿದ್ದೇನೆ, ಇದು ಗೇವಿನ್ ಮತ್ತು ಉಳಿದವರ ಕೈಯಲ್ಲಿ ಚೆನ್ನಾಗಿದೆ ಎಂದು ಮೈಕ್ ಹರ್ನ್‌ಗೆ. ನನ್ನನ್ನು ನಿಗೂಢ ವ್ಯಕ್ತಿ ಎಂದು ಬಣ್ಣಿಸುವುದನ್ನು ಬಿಡು, ಇದು ಎಲ್ಲರೂ ಸೇರಿ ಕಟ್ಟುತ್ತಿರುವ ಕೆಲಸವೆಂದು ಹೇಳು ಎಂದು ಗೇವಿನ್‌ಗೆ. ಅಧಿಕಾರದ ಕುರ್ಚಿಯನ್ನು ಉಗುರಿನಿಂದ ಹಿಡಿದುಕೊಳ್ಳುವವರನ್ನೇ ದಿನವೂ ಪತ್ರಿಕೆಯಲ್ಲಿ ನೋಡುವ ಕಣ್ಣಿಗೆ ಈ ಎದ್ದುಹೋಗುವಿಕೆ ಎಷ್ಟು ತಂಪು!

ಎದ್ದು ಹೋದವನು ಗಂಟು ಕಟ್ಟಿಕೊಂಡು ಹೋಗಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು. ಅರ್ಜೆಂಟೀನಾದ ಸೆರ್ಜಿಯೊ ಲರ್ನರ್ 2013ರಲ್ಲಿ ಮೊದಮೊದಲ ಪುಟಗಳನ್ನು ಭೂತಗನ್ನಡಿ ಹಿಡಿದು ನೋಡಿದ. ಒಂದೇ ಕೈಯ ಗುರುತು ಸಾವಿರಾರು ಪುಟಗಳಲ್ಲಿ ಕಂಡಿತು. ಆ ಕೈ ಗಳಿಸಿದ್ದು ಸುಮಾರು ಹತ್ತು-ಹನ್ನೊಂದು ಲಕ್ಷ ನಾಣ್ಯ. ಹೆಚ್ಚುಕಡಿಮೆ ಎಲ್ಲವೂ ಇಟ್ಟ ಜಾಗದಲ್ಲೇ ಇವೆ. ಎಲ್ಲರೂ ನೋಡಬಹುದು, ಯಾರೂ ಮುಟ್ಟಲಾರರು.

ಗಳಿಸಿದ್ದನ್ನು ಇಟ್ಟಲ್ಲೇ ಬಿಟ್ಟು ನಡೆದ ಈ ಚಿತ್ರವನ್ನು ನೋಡುವಾಗ ನಮ್ಮ ಸೀಮೆಯವನಿಗೆ ಕೆಲವು ಊರುಗಳು ನೆನಪಾಗದೆ ಇರಲಾರವು. ದೂಧಗಂಗಾ, ವೇದಗಂಗಾ ಕೂಡುವ ಭೋಜ ಗ್ರಾಮದ ಪಾಟೀಲರ ಮನೆಯ ಸಾತಗೌಡ 1920ರಲ್ಲಿ ಜೈನ ಮುನಿದೀಕ್ಷೆ ಪಡೆದು ಶಾಂತಿಸಾಗರರಾದರು. 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟರು. ಕಾಗವಾಡದ ಬಳಿಯ ಶೇಡಬಾಳದಲ್ಲಿ 1925ರಲ್ಲಿ ಹುಟ್ಟಿದ ಸುರೇಂದ್ರ ಉಪಾಧ್ಯೆ 1963ರಲ್ಲಿ ದೆಹಲಿಯಲ್ಲಿ ವಿದ್ಯಾನಂದರಾದರು. ಚಿಕ್ಕೋಡಿ ಸೀಮೆಯ ಸದಲಗಾದಲ್ಲಿ 1946ರಲ್ಲಿ ಹುಟ್ಟಿದ ವಿದ್ಯಾಧರ 1968ರಲ್ಲಿ ಅಜ್ಮೇರದಲ್ಲಿ ವಿದ್ಯಾಸಾಗರರಾಗಿ, 2024ರ ಫೆಬ್ರವರಿಯಲ್ಲಿ ಡೋಂಗರಗಢದಲ್ಲಿ ಕಣ್ಮುಚ್ಚಿದರು. ಒಂದು ದಿನದ ಸೈಕಲ್ ಹಾದಿಯೊಳಗಿನ ಮೂರು ಊರುಗಳಿಂದ, ಇಡೀ ದಿಗಂಬರ ಪರಂಪರೆ ತಲೆಬಾಗುವ ಮೂವರು ಆಚಾರ್ಯರು. ಮನೆ, ಹೊಲ, ಹೆಸರು, ಕೊನೆಗೆ ಮೈಮೇಲಿನ ಬಟ್ಟೆ, ಒಂದೊಂದಾಗಿ ಕಳಚಿದವರು.

ಹೋಲಿಕೆಯನ್ನು ಇಲ್ಲಿಗೆ ನಿಲ್ಲಿಸದಿದ್ದರೆ ಅನ್ಯಾಯವಾದೀತು. ಮುನಿಗಳು ಬಯಲಲ್ಲಿ ನಿಂತರು. ಅವರಲ್ಲಿ ಮರೆಯೆಂಬುದೇ ಇರಲಿಲ್ಲ. ಊರೂರು ನಡೆದರು, ಅಂಗೈಯಲ್ಲಿ ಆಹಾರ ಪಡೆದರು, ಮುಖ ನೋಡಿ ಮಾತಾಡಿದರು. ಸತೋಶಿಯಲ್ಲಿ ಮರೆಯೇ ಎಲ್ಲ. ಆತ ಭಯದಿಂದ ಹೋದನೋ ವೈರಾಗ್ಯದಿಂದಲೋ, ಕೀಲಿ ಕಳೆದುಕೊಂಡನೋ, ಸತ್ತೇಹೋದನೋ. ತ್ಯಾಗ ಎಂದು ನಾನು ಹಣೆಪಟ್ಟಿ ಹಚ್ಚಲಾರೆ. ಆದರೂ ಒಂದು ತಿರುವುಮುರುವು ನನ್ನನ್ನು ಬಿಡದು. ಮುಖ ಪೂರ್ತಿ ಮುಚ್ಚಿದ ಈ ಮನುಷ್ಯನ ಗಂಟು ಮಾತ್ರ ಪೂರ್ತಿ ಬಯಲಲ್ಲಿದೆ. ಮುಖವನ್ನು ಊರತುಂಬ ಫ್ಲೆಕ್ಸಿನಲ್ಲಿ ಹಚ್ಚಿ, ಗಂಟನ್ನು ಬೇನಾಮಿ ಹೆಸರಿನಲ್ಲಿ ಹೂತಿಡುವುದನ್ನಷ್ಟೇ ಕಂಡವರಿಗೆ ಇದು ಹೊಸ ನೋಟ.

2010ರ ಜೂನ್‌ನಲ್ಲಿ ಬಳಗದಲ್ಲೊಬ್ಬರು ಕೇಳಿದ್ದರು: ಕೀಲಿ ಕಳೆದುಹೋಗಿ ನಾಣ್ಯಗಳು ಸತ್ತರೆ ಏನು ಗತಿ? ಸತೋಶಿಯ ಉತ್ತರ ಎರಡು ವಾಕ್ಯದ್ದು. ಕಳೆದ ನಾಣ್ಯ ಉಳಿದವರ ನಾಣ್ಯದ ಬೆಲೆಯನ್ನು ಚೂರು ಏರಿಸುತ್ತದೆ. ಅದನ್ನು ಎಲ್ಲರಿಗೂ ಕೊಟ್ಟ ದಾನವೆಂದು ತಿಳಿಯಿರಿ ಎಂದ. ತನ್ನ ಹತ್ತು-ಹನ್ನೊಂದು ಲಕ್ಷವನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೇಳಿದನೇ? ಆ ಎರಡು ವಾಕ್ಯಗಳನ್ನು ನಾನು ಹಾಗೆಯೇ ಓದುತ್ತೇನೆ.

ಭಕ್ತರು ಮಾತ್ರ ಸುಮ್ಮನಿರುವವರಲ್ಲ. ಮೊದಲ ಪುಟದ ವಿಳಾಸಕ್ಕೆ ಇಂದಿಗೂ ಜನ ಚೂರುಪಾರು ನಾಣ್ಯಗಳನ್ನು ಕಾಣಿಕೆ ಕಳಿಸುತ್ತಾರೆ, ಜೊತೆಗೆ ಪುಟ್ಟ ಸಂದೇಶಗಳನ್ನೂ. 2024ರ ಜನವರಿ 5ರಂದು ಹೆಸರು ಹೇಳದ ಯಾರೋ ಅಲ್ಲಿಗೆ ಸುಮಾರು 27 ಬಿಟ್‌ಕಾಯಿನ್ ಹಾಕಿದರು. ಆಗಿನ ಬೆಲೆಯಲ್ಲಿ ಹತ್ತು ಲಕ್ಷ ಡಾಲರಿಗಿಂತ ಹೆಚ್ಚು. ತನ್ನನ್ನು ನಿಗೂಢ ಮಾಡಬೇಡಿ ಎಂದು ಕೇಳಿಕೊಂಡವನಿಗೆ ಗುಡಿಯೂ ಆಯಿತು, ಹುಂಡಿಯೂ ಆಯಿತು. ಆ ಹುಂಡಿಯ ಬೀಗದ ಕೈ ಆತನಲ್ಲೇ ಇದ್ದರೆ ಇದೆ, ಇಲ್ಲವಾದರೆ ಲೋಕದಲ್ಲೇ ಇಲ್ಲ. ಈ ಎರಡನೆಯ ಅನಾಮಿಕ ದಾನಿ ಯಾರೆಂದು ಕೂಡಲೇ ಹುಡುಕಾಟ ಶುರುವಾಯಿತೆಂದು ಬೇರೆ ಹೇಳಬೇಕಿಲ್ಲ.